ಸ್ಲೀಪ್‌ನಲ್ಲಿಟ್ಟ ಕಂಪ್ಯೂಟರ್ ನಡುರಾತ್ರಿ ತಾನಾಗಿ ಏಳುತ್ತದೆ, ಕರೆಂಟ್ ಹೋದರೆ ಕೆಲಸವೂ ಹೋಗುತ್ತದೆ: ಸರಿಯಾಗಿ ಹೊಂದಿಸುವುದು ಹೇಗೆ?

ಪ್ರಶ್ನೆ: ತುಮಕೂರು, ಬಟವಾಡಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ವಿಂಡೋಸ್ 10, 8 ಜಿಬಿ ರ್‍ಯಾಮ್; ಎರಡು ವರ್ಷದ ಹಿಂದೆ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದೇನೆ. ಬೆಳಿಗ್ಗೆ ನಾನು ನಮ್ಮ ಊರಿನ ಸಹಕಾರ ಸಂಘದ ಲೆಕ್ಕಪತ್ರ ಬರೆಯುತ್ತೇನೆ, ಸಂಜೆ ಪಿಯುಸಿ ಓದುತ್ತಿರುವ ಮಗಳು ಪಾಠದ ವೀಡಿಯೊ ನೋಡುತ್ತಾಳೆ. ಎಲ್ಲ ಸೇರಿ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಬಳಕೆ ಇಲ್ಲ.

ಕೆಲವು ತಿಂಗಳ ಹಿಂದೆ ವಾರ್ಷಿಕ ಲೆಕ್ಕದ ಹಾಳೆಯನ್ನು ತುಂಬುತ್ತಿದ್ದಾಗ ಊಟಕ್ಕೆ ಎದ್ದು ಹೋದೆ. ಕಂಪ್ಯೂಟರ್ ಎಂದಿನಂತೆ ಸ್ಲೀಪ್‌ಗೆ ಹೋಗಿತ್ತು. ಅಷ್ಟರಲ್ಲಿ ಎರಡು ನಿಮಿಷ ಕರೆಂಟ್ ಹೋಗಿ ಬಂತು. ಹಿಂತಿರುಗಿ ಬಂದು ಕೀಲಿಮಣೆ ಒತ್ತಿದರೆ ಕಂಪ್ಯೂಟರ್ ಮೊದಲಿನಿಂದ ಆರಂಭವಾಯಿತು. ಸೇವ್ ಮಾಡದೆ ಬಿಟ್ಟಿದ್ದ ಎರಡು ಗಂಟೆಯ ಕೆಲಸ ಪೂರ್ತಿ ಹೋಗಿತ್ತು. ಅಂದಿನಿಂದ ಸ್ಲೀಪ್ ಅನ್ನೇ ನೆಚ್ಚದೆ ಅದನ್ನು 'ನೆವರ್' ಎಂದು ಮಾಡಿ, ಎದ್ದು ಹೋಗುವಾಗ ಮಾನಿಟರ್ ಮಾತ್ರ ಆರಿಸುವ ಅಭ್ಯಾಸ ಮಾಡಿಕೊಂಡೆ.

ಇದರ ಪರಿಣಾಮ ಬಿಲ್ಲಿನಲ್ಲಿ ಕಾಣಿಸಿತು. ಗೃಹಜ್ಯೋತಿ ಲೆಕ್ಕದಲ್ಲಿ ನಮ್ಮ ಮನೆಗೆ 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ 130 ಯೂನಿಟ್ ಸಿಗುತ್ತದೆ. ಮೊದಲು 124ರ ಆಸುಪಾಸಿನಲ್ಲಿ ಮುಗಿಯುತ್ತಿದ್ದದ್ದು ಈಗ 152ಕ್ಕೆ ಏರಿದೆ. ಮೇಲಿನ 22 ಯೂನಿಟ್‌ಗೆ ಹಣ ಕಟ್ಟುತ್ತಿದ್ದೇವೆ. ಬೇಸಿಗೆಯಲ್ಲಿ ಫ್ಯಾನುಗಳೂ ಸೇರಿ 200 ದಾಟಿಬಿಟ್ಟರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ ಎಂಬ ಆತಂಕವೂ ಇದೆ.

ಹಾಗಾಗಿ ಕಳೆದ ವಾರ ಮತ್ತೆ ಸ್ಲೀಪ್ ಹಾಕಿ ನೋಡಿದೆ. ಈಗ ಬೇರೆಯದೇ ತೊಂದರೆ. ರಾತ್ರಿ ಎರಡು ಗಂಟೆಯ ಸುಮಾರಿಗೆ ಅದು ತಾನಾಗಿಯೇ ಏಳುತ್ತದೆ. ಪಕ್ಕದ ಕೋಣೆಯಲ್ಲಿ ಮಲಗುವ ನಮ್ಮ ತಾಯಿಯವರಿಗೆ ಅದರ ಫ್ಯಾನಿನ ಸದ್ದಿಗೆ ಎಚ್ಚರವಾಗುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಕರೆಂಟ್ ಹೋದರೂ ಕೆಲಸ ಉಳಿಯುವಂತೆ ಸ್ಲೀಪ್ ಹೊಂದಿಸಲು ಸಾಧ್ಯವೇ, ರಾತ್ರಿ ಏಳುವುದನ್ನು ನಿಲ್ಲಿಸುವುದು ಹೇಗೆ, ಮತ್ತು ಇದರಿಂದ ನಿಜವಾಗಿ ಎಷ್ಟು ಯೂನಿಟ್ ಉಳಿಯುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.


ಉತ್ತರ: ಕೋಲಾರದಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ನಮಸ್ಕಾರ ಸರ್. ತಮ್ಮ ಪ್ರಶ್ನೆಯಲ್ಲಿ ಒಂದು ಮಾತು ಮುಖ್ಯವಾದ ಸುಳಿವು ಕೊಡುತ್ತದೆ: ಎರಡು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿದ್ದು. ಅದು ಏಕೆ ಮುಖ್ಯ ಎಂಬುದಕ್ಕೆ ಮೊದಲು ಸ್ಲೀಪ್ ಎಂದರೇನು ಎಂದು ಹೇಳಬೇಕಾಗುತ್ತದೆ.

ಸ್ಲೀಪ್‌ನಲ್ಲಿ ತೆರೆದಿಟ್ಟ ಕಡತಗಳೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮ್‌ನಲ್ಲಿಯೇ ಉಳಿಯುತ್ತವೆ. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಂತು ರ್‍ಯಾಮ್‌ಗೆ ಮಾತ್ರ ಒಂದಿಷ್ಟು ವಿದ್ಯುತ್ ಹರಿಯುತ್ತಿರುತ್ತದೆ. ಆ ಒಂದಿಷ್ಟು ವಿದ್ಯುತ್ ಕ್ಷಣಮಾತ್ರ ತಪ್ಪಿದರೂ ರ್‍ಯಾಮ್ ಬರಿದಾಗುತ್ತದೆ. ಹೈಬರ್ನೇಟ್ ಎಂಬುದು ಬೇರೆ. ಅದು ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿನ ಒಂದು ಅಡಗಿದ ಕಡತಕ್ಕೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುತ್ತದೆ. ಪ್ಲಗ್ ಕಿತ್ತಿಟ್ಟು ವಾರ ಬಿಟ್ಟು ಹಾಕಿದರೂ ಬಿಟ್ಟ ಜಾಗದಿಂದಲೇ ತೆರೆಯುತ್ತದೆ, ಆದರೆ ಏಳಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಇವೆರಡನ್ನೂ ಕೂಡಿಸಿದ ಮೂರನೆಯದು ಹೈಬ್ರಿಡ್ ಸ್ಲೀಪ್. ಇದು ಡಿಸ್ಕಿಗೂ ಬರೆದಿಟ್ಟು ರ್‍ಯಾಮನ್ನೂ ಎಚ್ಚರವಾಗಿಟ್ಟಿರುತ್ತದೆ. ಕರೆಂಟ್ ಇದ್ದರೆ ಸ್ಲೀಪ್‌ನಂತೆ ಥಟ್ಟನೆ ಏಳುತ್ತದೆ, ಹೋಗಿ ಬಂದರೆ ಡಿಸ್ಕಿನಿಂದ ಓದಿಕೊಂಡು ಏಳುತ್ತದೆ. ನಮ್ಮ ಕಡೆಯ ಕರೆಂಟಿಗೆ ಡೆಸ್ಕ್‌ಟಾಪ್‌ನಲ್ಲಿ ಇದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಹೈಬ್ರಿಡ್ ಸ್ಲೀಪ್ ಹೊಸದೇನೂ ಅಲ್ಲ, ವಿಂಡೋಸ್ ವಿಸ್ತಾದ ಕಾಲದಿಂದ ಇದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಮೊದಲೇ ಆನ್ ಆಗಿರುತ್ತದೆ. ಹಾಗಿದ್ದರೂ ತಮ್ಮ ಕೆಲಸ ಏಕೆ ಹೋಯಿತು? ಹೈಬರ್ನೇಟ್ ಕಡತವು ರ್‍ಯಾಮ್‌ನ ಶೇಕಡಾ 40ರಷ್ಟು ಜಾಗವನ್ನು ಡಿಸ್ಕಿನಲ್ಲಿ ಹಿಡಿಯುತ್ತದೆ. ತಮ್ಮ ಯಂತ್ರದಲ್ಲಿ ಸುಮಾರು 3 ಜಿಬಿ. ಸಣ್ಣ ಎಸ್‌ಎಸ್‌ಡಿ ಹಾಕುವಾಗ ಜಾಗ ಉಳಿಸಲೆಂದು ಅನೇಕ ಅಂಗಡಿಗಳಲ್ಲಿ ಹೈಬರ್ನೇಟ್ ಅನ್ನು ತೆಗೆದುಹಾಕುವ ರೂಢಿ ಇದೆ. ನಾನೂ ಹಲವು ವರ್ಷ ಹಾಗೆಯೇ ಮಾಡಿಕೊಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹೈಬರ್ನೇಟ್ ಹೋದರೆ ಅದರ ಜೊತೆಗೆ ಹೈಬ್ರಿಡ್ ಸ್ಲೀಪ್ ಕೂಡ ಸದ್ದಿಲ್ಲದೆ ಹೋಗುತ್ತದೆ, ಬರಿಯ ಸ್ಲೀಪ್ ಉಳಿಯುತ್ತದೆ. ತಮ್ಮಲ್ಲಿಯೂ ಹೀಗೇ ಆಗಿರಬೇಕು.

ಪರೀಕ್ಷಿಸಲು ಕಮಾಂಡ್ ಪ್ರಾಂಪ್ಟ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಬಳಸಬೇಕಾದ ಆಜ್ಞೆಯ ಹೆಸರು ಪವರ್‌ಸಿಎಫ್‌ಜಿ. ಪವರ್ ಎಂಬ ಇಂಗ್ಲಿಷ್ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಜಾಗ ಬಿಡದೆ ಅಂಟಿಸಬೇಕು. ನಂತರ ಒಂದು ಜಾಗ ಬಿಟ್ಟು ಓರೆಗೆರೆ (/), ಅದಕ್ಕೆ ಅಂಟಿದಂತೆ ಎ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಯಾವ ಯಾವ ನಿದ್ರೆ ಲಭ್ಯವಿದೆ, ಯಾವುದು ಇಲ್ಲ, ಏಕೆ ಇಲ್ಲ ಎಂದು ತೋರಿಸುತ್ತದೆ. ಹೈಬರ್ನೇಷನ್ ಸಕ್ರಿಯವಾಗಿಲ್ಲ ಎಂದು ಬಂದರೆ ಅದೇ ಆಜ್ಞೆಯಲ್ಲಿ ಎ ಬದಲು ಎಚ್ ಹಾಕಿ, ಜಾಗ ಬಿಟ್ಟು ಆನ್ ಎಂದು ಬರೆದು ಎಂಟರ್ ಒತ್ತಿ. ಬಳಿಕ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ತಾವು ಬಳಸುತ್ತಿರುವ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಸ್ಲೀಪ್ ಎಂಬುದರ ಕೆಳಗೆ 'ಅಲೋ ಹೈಬ್ರಿಡ್ ಸ್ಲೀಪ್' ಆನ್ ಮಾಡಿ. ಒಂದು ಸೇವ್ ಮಾಡದ ಸಾಲು ಬರೆದು, ಸ್ಲೀಪ್‌ಗೆ ಹಾಕಿ, ಒಂದು ನಿಮಿಷ ಕಾದು, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿ. ಆ ಸಾಲು ಉಳಿದಿದ್ದರೆ ಮೊದಲ ಪ್ರಶ್ನೆ ಮುಗಿಯಿತು.

ರಾತ್ರಿ ಏಳುವುದರ ಬಗ್ಗೆ: ಯಾವುದೇ ಸೆಟ್ಟಿಂಗ್ ಬದಲಿಸುವ ಮೊದಲು ಎಬ್ಬಿಸಿದ್ದು ಯಾರು ಎಂದು ಯಂತ್ರವನ್ನೇ ಕೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಯಾರೂ ಮುಟ್ಟುವ ಮೊದಲು ಕೇಳುವುದು ಕಷ್ಟ, ಏಕೆಂದರೆ ತಾವು ಎಬ್ಬಿಸಿದ್ದೇ ಕೊನೆಯದಾಗಿ ದಾಖಲಾಗಿರುತ್ತದೆ. ಆದ್ದರಿಂದ ಸದ್ದು ಕೇಳಿದಾಗಲೇ ಹೋಗಿ, ಅದೇ ಆಜ್ಞೆಗೆ ಓರೆಗೆರೆಯ ನಂತರ ಲಾಸ್ಟ್‌ವೇಕ್ ಎಂದು ಸೇರಿಸಿ ನೋಡಿ. ಅದು ಆಗದಿದ್ದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ 'ಪವರ್ ಟ್ರಬಲ್‌ಶೂಟರ್' ಹೆಸರಿನ ನಮೂದುಗಳನ್ನು ಹುಡುಕಿ. ಎದ್ದ ಹೊತ್ತು ಮತ್ತು ಕಾರಣ ಎರಡೂ ಅಲ್ಲಿರುತ್ತವೆ. ನನ್ನ ಅನುಭವದಲ್ಲಿ ಎಬ್ಬಿಸುವವು ಮೂರೇ: ನೆಟ್‌ವರ್ಕ್ ಕಾರ್ಡ್, ಮೌಸ್, ಮತ್ತು ವಿಂಡೋಸ್ ತಾನೇ ಇಟ್ಟುಕೊಂಡ ಗಡಿಯಾರ. ಯಾವುದೆಂದು ತಿಳಿಸಿದರೆ ಮುಂದಿನದನ್ನು ಹೇಳುತ್ತೇನೆ.


ಉತ್ತರ: ಚಿಂತಾಮಣಿಯಿಂದ

ಇಷ್ಟೆಲ್ಲ ಏಕೆ ಸರ್, ಕೆಲಸ ಮುಗಿದ ಕೂಡಲೇ ಸೇವ್ ಮಾಡಿ ಶಟ್‌ಡೌನ್ ಮಾಡುವುದೇ ಎಲ್ಲಕ್ಕಿಂತ ಸುರಕ್ಷಿತ. ಎಸ್‌ಎಸ್‌ಡಿ ಇರುವುದರಿಂದ ಮತ್ತೆ ತೆರೆಯಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ನಾನು ಹತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ.


ಉತ್ತರ: ಶಿಡ್ಲಘಟ್ಟದಿಂದ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿದ್ಯುತ್ ಬಳಕೆಯ ಲೆಕ್ಕ ಹೇಳಿಕೊಡಲೆಂದು ನಮ್ಮ ಮನೆಯಲ್ಲಿಯೇ ಅಳೆದಿದ್ದೆ. ಇದಕ್ಕೆ ಬೇರೆ ಉಪಕರಣ ಬೇಕಿಲ್ಲ. ಮನೆಯ ವಿದ್ಯುತ್ ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ, ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಪಕ್ಕದಲ್ಲಿಯೇ ಮುದ್ರಿಸಿರುತ್ತಾರೆ. ನಮ್ಮದರಲ್ಲಿ 3200 ಎಂದಿದೆ. ಫ್ರಿಜ್ ಸೇರಿ ಮನೆಯ ಎಲ್ಲವನ್ನೂ ಆರಿಸಿ ಕಂಪ್ಯೂಟರ್ ಒಂದನ್ನೇ ಉಳಿಸಿ, ಕೈಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತೆ.

ಮಾನಿಟರ್ ಉರಿಯುತ್ತಾ ಯಾರೂ ಮುಟ್ಟದೆ ಸುಮ್ಮನಿದ್ದಾಗ ಹತ್ತು ನಿಮಿಷದಲ್ಲಿ 41 ಮಿನುಗು ಬಂತು. ಗಂಟೆಗೆ 246, ಅದನ್ನು 3200ರಿಂದ ಭಾಗಿಸಿದರೆ 0.077 ಯೂನಿಟ್, ಅಂದರೆ 77 ವ್ಯಾಟ್. ಮಾನಿಟರ್ ಆರಿಸಿ ಸಿಪಿಯು ಮಾತ್ರ ಬಿಟ್ಟಾಗ ಹತ್ತು ನಿಮಿಷಕ್ಕೆ 29, ಅಂದರೆ 54 ವ್ಯಾಟ್. ತಾವು ಈಗ ಮಾಡುತ್ತಿರುವುದು ಇದನ್ನೇ: ಮಾನಿಟರ್‌ನ 23 ವ್ಯಾಟ್ ಉಳಿಯುತ್ತದೆ, ದೊಡ್ಡ ಪಾಲು ಹಾಗೆಯೇ ಸುಡುತ್ತಿರುತ್ತದೆ.

ಸ್ಲೀಪ್ ಅಳೆಯುವಾಗ ಒಂದು ಎಚ್ಚರಿಕೆ ಬೇಕಾಯಿತು. ಅತಿ ಕಡಿಮೆ ಹೊರೆಯನ್ನು ಮನೆಯ ಮೀಟರ್ ನಂಬಿಕೆಯಿಂದ ಎಣಿಸಲಾರದು. ಆದ್ದರಿಂದ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಉರಿಸಿಟ್ಟು, ಬಲ್ಬ್ ಒಂದೇ ಇದ್ದಾಗ ಅರ್ಧ ಗಂಟೆಗೆ 14, ಬಲ್ಬಿನ ಜೊತೆ ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಇದ್ದಾಗ 19 ಎಂದು ಎಣಿಸಿ, ವ್ಯತ್ಯಾಸದ 5 ಮಿನುಗನ್ನು ಲೆಕ್ಕಕ್ಕೆ ತೆಗೆದುಕೊಂಡೆ. ಸುಮಾರು 3 ವ್ಯಾಟ್ ಆಯಿತು.

ತಮ್ಮ ಮನೆಯಲ್ಲಿ ಬಳಸದ 18 ಗಂಟೆಯೂ ಯಂತ್ರ 54 ವ್ಯಾಟ್‌ನಲ್ಲಿ ಓಡುತ್ತಿದ್ದರೆ ದಿನಕ್ಕೆ 0.97 ಯೂನಿಟ್, ತಿಂಗಳಿಗೆ 29 ಯೂನಿಟ್. ಅದೇ 18 ಗಂಟೆ ಸ್ಲೀಪ್‌ನಲ್ಲಿದ್ದರೆ ತಿಂಗಳಿಗೆ ಎರಡು ಯೂನಿಟ್‌ಗಿಂತ ಕಡಿಮೆ. ತಮ್ಮ ಬಿಲ್ 124ರಿಂದ 152ಕ್ಕೆ ಏರಿದ್ದು, ಅಂದರೆ 28 ಯೂನಿಟ್, ಈ ಲೆಕ್ಕಕ್ಕೆ ಬಹುತೇಕ ಹೊಂದುತ್ತದೆ. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುತ್ತದೆ. ತಮ್ಮ ಮೀಟರಿನಲ್ಲಿ ತಾವೇ ಒಮ್ಮೆ ಎಣಿಸಿ ನೋಡಿದರೆ ಒಳ್ಳೆಯದು. ಮಗಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ, ಅವಳ ಪಾಠಕ್ಕೂ ಬರುತ್ತದೆ.

ಚಿತ್ರಗಳು ಓಡಾಡುವ ಸ್ಕ್ರೀನ್‌ಸೇವರ್ ಹಾಕಿದ್ದರೆ ಅದನ್ನು ತೆಗೆದುಬಿಡಿ. ಹಳೆಯ ಗಾಜಿನ ಮಾನಿಟರುಗಳಲ್ಲಿ ಒಂದೇ ಚಿತ್ರ ಅಚ್ಚೊತ್ತಿ ಉಳಿಯದಿರಲೆಂದು ಬಂದದ್ದು ಅದು, ವಿದ್ಯುತ್ ಉಳಿಸುವುದಿಲ್ಲ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೋಲಾರದ ಸರ್ ಊಹಿಸಿದ್ದೇ ನಿಜವಾಯಿತು. ಹೈಬರ್ನೇಷನ್ ಸಕ್ರಿಯವಾಗಿಲ್ಲ ಎಂಬ ಸಾಲು ಬಂತು. ಆನ್ ಮಾಡಿದ ಮೇಲೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಅದುವರೆಗೆ ಇಲ್ಲದಿದ್ದ ಹೈಬ್ರಿಡ್ ಸ್ಲೀಪ್ ಸಾಲು ಕಾಣಿಸಿಕೊಂಡಿತು. ಒಂದು ಖಾಲಿ ಹಾಳೆಯಲ್ಲಿ ಮಗಳ ಹೆಸರು ಟೈಪ್ ಮಾಡಿ, ಸೇವ್ ಮಾಡದೆ ಸ್ಲೀಪ್‌ಗೆ ಹಾಕಿ, ಗೋಡೆಯ ಸ್ವಿಚ್ ಆರಿಸಿ ಹಾಕಿದೆ. ಹೆಸರು ಹಾಗೆಯೇ ಇತ್ತು.

ಈವೆಂಟ್ ವ್ಯೂವರ್‌ನಲ್ಲಿ ನೋಡಿದರೆ ನಾಲ್ಕು ರಾತ್ರಿಗಳಲ್ಲಿ ಹತ್ತಕ್ಕೂ ಹೆಚ್ಚು ಸಲ ನೆಟ್‌ವರ್ಕ್ ಕಾರ್ಡ್ ಎಬ್ಬಿಸಿದೆ. ಒಂದು ಸಲ ಮಾತ್ರ ಟೈಮರ್ ಎಂದಿದೆ. ಮುಂದೇನು ಮಾಡಬೇಕು? ಇನ್ನೊಂದು ಸಂಶಯ: ಚಿಂತಾಮಣಿಯವರು ಹೇಳಿದಂತೆ ಶಟ್‌ಡೌನ್ ಮಾಡುವುದು ಯಂತ್ರದ ಆರೋಗ್ಯಕ್ಕೆ ಮೇಲೇ? ಪ್ರತಿ ಸಲ ಡಿಸ್ಕಿಗೆ ಬರೆಯುವುದರಿಂದ ಎಸ್‌ಎಸ್‌ಡಿ ಬೇಗ ಸವೆಯುವುದಿಲ್ಲವೇ?


ಉತ್ತರ: ತಿಪಟೂರಿನಿಂದ, ತೋಟದ ಮನೆಯವರು

ನೆಟ್‌ವರ್ಕ್ ವಿಷಯವನ್ನು ಕೋಲಾರದವರು ಹೇಳುತ್ತಾರೆ. ಕರೆಂಟಿನ ಬಗ್ಗೆ ನನ್ನದೊಂದು ಮಾತು. ನಮ್ಮ ಮನೆ ತೆಂಗಿನ ತೋಟದ ನಡುವೆ ಇದೆ. ಮುಂಗಾರಿಗೆ ಮೊದಲು ಗಾಳಿ ಮಳೆ ಬಂದಾಗ ಗರಿಯೊಂದು ತಂತಿಯ ಮೇಲೆ ಬಿದ್ದರೂ ಸಾಕು, ಸಂಜೆಯೆಲ್ಲ ಕರೆಂಟ್ ಹೋಗಿ ಬಂದು ಮಾಡುತ್ತದೆ. ಅಂಥ ದಿನ ಗುಡುಗು ಕೇಳಿದ ಕೂಡಲೇ ನಾನು ಸ್ಲೀಪ್ ಬಿಟ್ಟು ಹೈಬರ್ನೇಟ್ ಮಾಡಿ, ಕಂಪ್ಯೂಟರ್ ಮತ್ತು ಇಂಟರ್ನೆಟ್ ರೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡುತ್ತೇನೆ. ಸ್ವಿಚ್ ಆರಿಸುವುದಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು. ತೆರೆದಿಟ್ಟ ಕೆಲಸ ಡಿಸ್ಕಿನಲ್ಲಿ ಭದ್ರವಾಗಿರುತ್ತದೆ.

ಮನೆಗೆ ಇನ್ವರ್ಟರ್ ಇರುವವರು ಇನ್ನೊಂದನ್ನು ಗಮನಿಸಬೇಕು. ಬಹಳ ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್, ಇಕೋ ಎಂಬ ಎರಡು ಸ್ಥಾನಗಳ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದಾಗ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ತುಂಬಿದ ಹೊರೆಯಲ್ಲಿ ತನ್ನೊಳಗಿನ ಶೇಖರಣೆಯ ಮೇಲೆ ನಿಲ್ಲುವುದು ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ನಮ್ಮಲ್ಲಿ ದೀಪ, ಫ್ಯಾನು ಒಂದೂ ಕದಲದಿದ್ದರೂ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು. ಆ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದ ದಿನದಿಂದ ನಿಂತಿತು. ಮೇಜಿನ ಕೆಳಗಿಡುವ ಸಣ್ಣ ಯುಪಿಎಸ್ ಕೊಳ್ಳುವುದಾದರೆ ಯುಎಸ್‌ಬಿ ತಂತಿ ಇರುವುದನ್ನು ಕೇಳಿ. ಅದನ್ನು ಜೋಡಿಸಿದರೆ ವಿಂಡೋಸ್ ಲ್ಯಾಪ್‌ಟಾಪ್‌ನಂತೆಯೇ ಬ್ಯಾಟರಿಯ ಮಟ್ಟ ತೋರಿಸುತ್ತದೆ, ಮಟ್ಟ ತೀರಾ ಇಳಿದಾಗ ತಾನಾಗಿ ಹೈಬರ್ನೇಟ್ ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿಯೇ ಹೇಳಬಹುದು.


ಉತ್ತರ: ಕೋಲಾರದಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ಶಿಕ್ಷಕಿಯವರು ಬಲ್ಬ್ ಇಟ್ಟು ಕಳೆದ ಉಪಾಯ ಬಹಳ ಚೆನ್ನಾಗಿದೆ ಮೇಡಂ, ನಾನೂ ಅಂಗಡಿಯಲ್ಲಿ ಮಾಡಿ ನೋಡುತ್ತೇನೆ.

ಸರ್, ತಮ್ಮ ರೂಟರ್ ರಾತ್ರಿಯಿಡೀ ಮನೆಯ ಎಲ್ಲ ಯಂತ್ರಗಳನ್ನು ಕೂಗಿ ವಿಚಾರಿಸುತ್ತಿರುತ್ತದೆ. ಆ ಕೂಗಿಗೆ ನೆಟ್‌ವರ್ಕ್ ಕಾರ್ಡ್ ಕಂಪ್ಯೂಟರನ್ನು ಎಬ್ಬಿಸುತ್ತಿದೆ. ಎದ್ದಾಗ ಯಾರೂ ಇಲ್ಲವೆಂದು ಕಂಡು ಎರಡು ನಿಮಿಷದಲ್ಲಿ ಮತ್ತೆ ಮಲಗುತ್ತದೆ, ಮತ್ತೆ ಕೂಗು ಬಂದಾಗ ಏಳುತ್ತದೆ. ತಾಯಿಯವರಿಗೆ ಸದ್ದು ನಿಂತು ನಿಂತು ಕೇಳುವುದು ಇದರಿಂದಲೇ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗಿರುವ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟಕ್ಕೆ ಹೋಗಿ. ಈ ಸಾಧನ ಕಂಪ್ಯೂಟರನ್ನು ಎಬ್ಬಿಸಬಹುದು ಎಂಬ ಸಾಲಿನ ಮುಂದಿನ ಗುರುತನ್ನು ತೆಗೆಯಿರಿ. ದೂರದಿಂದ ಕಂಪ್ಯೂಟರ್ ಎಬ್ಬಿಸುವ ಅಗತ್ಯ ಇರುವವರು ಅದನ್ನು ಉಳಿಸಿಕೊಂಡು, ಕೆಳಗಿನ 'ಮ್ಯಾಜಿಕ್ ಪ್ಯಾಕೆಟ್' ಸಾಲಿಗೂ ಗುರುತು ಹಾಕಿದರೆ ಸಾಕು. ಆಗ ಅದಕ್ಕೆಂದೇ ಕಳುಹಿಸಿದ ಕರೆಗೆ ಮಾತ್ರ ಏಳುತ್ತದೆ. ಮೌಸ್‌ಗೂ ಇದೇ ಪುಟ ಇರುತ್ತದೆ. ಗಾಜು ಹೊದಿಸಿದ ಮೇಜಿನ ಮೇಲೆ ಮೌಸ್ ಇಟ್ಟಿದ್ದರೆ ರಸ್ತೆಯಲ್ಲಿ ಲಾರಿ ಹೋದ ನಡುಕಕ್ಕೂ ಎಬ್ಬಿಸಿದ್ದನ್ನು ನಾನು ಕಂಡಿದ್ದೇನೆ. ಮೌಸ್‌ಗೆ ಗುರುತು ತೆಗೆದು ಕೀಲಿಮಣೆಗೆ ಮಾತ್ರ ಉಳಿಸಿಕೊಳ್ಳಿ.

ಟೈಮರ್ ಎಂದು ಬಂದ ಒಂದು ಸಲ ಬಹುಶಃ ವಿಂಡೋಸ್ ಅಪ್‌ಡೇಟ್ ಇರಬೇಕು. ಹೈಬ್ರಿಡ್ ಸ್ಲೀಪ್ ಇದ್ದ ಜಾಗದಲ್ಲಿಯೇ 'ಅಲೋ ವೇಕ್ ಟೈಮರ್ಸ್' ಇದೆ, ಅದನ್ನು ಡಿಸೇಬಲ್ ಮಾಡಿ. ಅದರಿಂದ ಅಪ್‌ಡೇಟ್ ತಪ್ಪುವುದಿಲ್ಲ, ಹಗಲು ತಾವು ಬಳಸುವಾಗ ಬರುತ್ತದೆ. ಆದರೆ ರೀಸ್ಟಾರ್ಟ್ ಕೇಳಿದಾಗ ಮುಂದೂಡುತ್ತಾ ಹೋಗಬೇಡಿ.

ಶಟ್‌ಡೌನ್ ಬಗ್ಗೆ: ಚಿಂತಾಮಣಿಯವರ ಅಭ್ಯಾಸದಲ್ಲಿ ತಪ್ಪಿಲ್ಲ. ಆದರೆ 2012ರಲ್ಲಿ ವಿಂಡೋಸ್ 8 ಬಂದಂದಿನಿಂದ 'ಫಾಸ್ಟ್ ಸ್ಟಾರ್ಟಪ್' ಆನ್ ಇರುವ ಯಂತ್ರದಲ್ಲಿ ಶಟ್‌ಡೌನ್ ಎಂಬುದೇ ಅರ್ಧ ಹೈಬರ್ನೇಟ್. ನಮ್ಮ ಕಡತಗಳನ್ನು ಮುಚ್ಚುತ್ತದೆ, ವಿಂಡೋಸ್‌ನ ಒಳತಿರುಳನ್ನು ಮಾತ್ರ ಅದೇ ಅಡಗಿದ ಕಡತಕ್ಕೆ ಬರೆದಿಡುತ್ತದೆ. ಹೊಸದಾಗಿ ಪೂರ್ತಿ ಆರಂಭವಾಗಬೇಕಿದ್ದರೆ ರೀಸ್ಟಾರ್ಟ್ ಒತ್ತಬೇಕು. ಆದ್ದರಿಂದ ಯಂತ್ರದ ಆರೋಗ್ಯಕ್ಕೆ ಶಟ್‌ಡೌನ್ ಮೇಲು, ಸ್ಲೀಪ್ ಕೀಳು ಎಂದು ನಾನು ಹೇಳಲಾರೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ.

ತಮಗೆ ನಾನು ಹೇಳುವುದು ಇಷ್ಟು. ಪರದೆ 5 ನಿಮಿಷಕ್ಕೆ ಆರಲಿ, ಸ್ಲೀಪ್ 20 ನಿಮಿಷಕ್ಕೆ ಬರಲಿ. ಪಾಠದ ವೀಡಿಯೊ ಓಡುತ್ತಿರುವಾಗ ಬ್ರೌಸರ್ ತಾನೇ ಯಂತ್ರವನ್ನು ಎಚ್ಚರವಾಗಿಡುತ್ತದೆ, ಮಗಳಿಗೆ ಅಡ್ಡಿಯಾಗುವುದಿಲ್ಲ. ರಾತ್ರಿ ಮಲಗುವಾಗ ನಮ್ಮ ಕಡೆ ಎಲ್ಲರೂ ಗೋಡೆಯ ಸ್ವಿಚ್ ಆರಿಸುವವರೇ. ಆಗ ಸ್ಲೀಪ್ ಬೇಡ, ಹೈಬರ್ನೇಟ್ ಮಾಡಿ ನಂತರ ಸ್ವಿಚ್ ಆರಿಸಿ. ಸ್ಟಾರ್ಟ್ ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಪವರ್ ಆಪ್ಷನ್ಸ್‌ನ ಎಡಬದಿಯಲ್ಲಿ ಪವರ್ ಬಟನ್‌ಗಳು ಏನು ಮಾಡಬೇಕೆಂದು ಆರಿಸುವ ಕೊಂಡಿ ಇದೆ. ಅದನ್ನು ತೆರೆದು, ಈಗ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ ಎಂಬುದನ್ನು ಒತ್ತಿದರೆ ಕೆಳಗೆ ಹೈಬರ್ನೇಟ್‌ಗೆ ಗುರುತು ಹಾಕಬಹುದು.


ಪ್ರಶ್ನೆ ಕೇಳಿದವರಿಂದ

ಹೇಳಿದಂತೆಯೇ ಮಾಡಿ ಆರು ರಾತ್ರಿ ಕಳೆದಿದೆ. ಈವೆಂಟ್ ವ್ಯೂವರ್‌ನಲ್ಲಿ ನಾನು ಎಬ್ಬಿಸಿದ ನಮೂದುಗಳ ಹೊರತು ಬೇರೆ ಇಲ್ಲ, ತಾಯಿಯವರೂ ಸದ್ದು ಕೇಳಲಿಲ್ಲ ಎಂದರು. ಭಾನುವಾರ ಮಗಳೂ ನಾನೂ ಮೀಟರಿನ ಮುಂದೆ ನಿಂತು ಎಣಿಸಿದೆವು. ಮಾನಿಟರ್ ಆರಿಸಿದ ನಮ್ಮ ಯಂತ್ರ ಹತ್ತು ನಿಮಿಷಕ್ಕೆ 30 ಮಿನುಗು ತೋರಿಸಿತು. ಎಸ್‌ಎಸ್‌ಡಿ ಸವೆಯುವ ಪ್ರಶ್ನೆಯೊಂದು ಉಳಿದಿದೆ ಸರ್.


ಉತ್ತರ: ಕೋಲಾರದಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ಮರೆತಿದ್ದೆ, ಕ್ಷಮಿಸಿ. ದಿನಕ್ಕೆ ಎರಡು ಸಲ, ಪ್ರತಿ ಸಲ ಪೂರ್ತಿ 3 ಜಿಬಿ ಬರೆಯುತ್ತದೆ ಎಂದುಕೊಂಡರೂ ವರ್ಷಕ್ಕೆ 2,190 ಜಿಬಿ, ಅಂದರೆ ಎರಡು ಟೆರಾಬೈಟ್‌ಗಿಂತ ಸ್ವಲ್ಪ ಹೆಚ್ಚು. ಈ ಅಳತೆಯ ಎಸ್‌ಎಸ್‌ಡಿಗಳಿಗೆ ತಯಾರಕರು ಹತ್ತಾರು ಟೆರಾಬೈಟ್ ಬರೆಯುವವರೆಗೆ ಖಾತರಿ ಕೊಡುತ್ತಾರೆ. ತಮ್ಮದರ ಅಂಕಿ ಅದರ ಪೆಟ್ಟಿಗೆಯ ಮೇಲೋ ಬಿಲ್ಲಿನ ಜೊತೆಗಿನ ಕಾಗದದಲ್ಲೋ ಇರುತ್ತದೆ. ಡಿಸ್ಕಿನಲ್ಲಿ 20 ಜಿಬಿಯಷ್ಟಾದರೂ ಖಾಲಿ ಜಾಗ ಇಟ್ಟುಕೊಳ್ಳಿ.